ಕಬ್ಬಿನ ಸೀಮೆ ಪೆರ್ನಾಂಬುಕೊ

ಪಾಂಡವಪುರ ತಾಲ್ಲೂಕಿನ ಕ್ಯಾತನಹಳ್ಳಿಯ ಮಕ್ಕಳಿಗೆ ಕಬ್ಬಿನ ಗದ್ದೆಯಾಗಲಿ ಆಲೆಮನೆಯಾಗಲಿ ಹೊಸದಲ್ಲ. ಭೂಪಟದಲ್ಲಿ ಅಟ್ಲಾಂಟಿಕ್ ಸಾಗರದ ಆಚೆ ದಡಕ್ಕೆ ಬೆರಳಿಟ್ಟರೆ ಇನ್ನೊಂದು ಕಬ್ಬಿನ ಸೀಮೆ ಸಿಗುತ್ತದೆ. ಅದೇ ಬ್ರೆಜಿಲ್‌ನ ಈಶಾನ್ಯ ಕರಾವಳಿಯ ರಾಜ್ಯ ಪೆರ್ನಾಂಬುಕೊ.

ಇದರ ವಿಸ್ತೀರ್ಣ ಸುಮಾರು 98 ಸಾವಿರ ಚದರ ಕಿ.ಮೀ., ಕರ್ನಾಟಕದ ಅರ್ಧದಷ್ಟು. 2022ರ ಜನಗಣತಿಯಂತೆ ಜನಸಂಖ್ಯೆ ಸುಮಾರು 90 ಲಕ್ಷ. ಭಾಷೆ ಪೋರ್ಚುಗೀಸ್. ರಾಜಧಾನಿ ರೆಸೀಫೆ, ಹಾಗೆಂದರೆ ಸಮುದ್ರದಂಚಿನ ಬಂಡೆಸಾಲು. ಪೂರ್ವ–ಪಶ್ಚಿಮವಾಗಿ 700 ಕಿ.ಮೀ.ಗೂ ಹೆಚ್ಚು ಚಾಚಿದ ಈ ರಾಜ್ಯಕ್ಕೆ ಕಡಲತೀರ ಇರುವುದು 200 ಕಿ.ಮೀ.ಗಿಂತ ಕಡಿಮೆ. ತೀರದ ಬದಿಯಲ್ಲಿ ಮಳೆ ಚೆನ್ನಾಗಿದ್ದು ಕಬ್ಬು ಬೆಳೆಯುತ್ತದೆ. ಒಳನಾಡಿಗೆ ಹೋದಂತೆ ನೆಲ ಒಣಗುತ್ತಾ ‘ಸೆರ್ತಾವೊ’ ಎಂಬ ಬರದ ಸೀಮೆ ಬರುತ್ತದೆ. ಆದರೆ ಕನ್ನಂಬಾಡಿಯ ನೀರು ಮಂಡ್ಯವನ್ನು ಬದಲಿಸಿದಂತೆ, ಸಾವೊ ಫ್ರಾನ್ಸಿಸ್ಕೊ ನದಿಯ ನೀರು ಅಲ್ಲಿನ ಪೆಟ್ರೊಲೀನಾ ಪ್ರದೇಶವನ್ನು ಬದಲಿಸಿದೆ. ಅಲ್ಲಿ ಬೆಳೆದ ಮಾವು, ದ್ರಾಕ್ಷಿ ಹೊರದೇಶಗಳಿಗೆ ಹೋಗುತ್ತವೆ.

ಪೋರ್ಚುಗೀಸರು 1535ರಲ್ಲಿ ಇಲ್ಲಿ ಒಲಿಂಡಾ ಪಟ್ಟಣ ಕಟ್ಟಿದರು. ಕಬ್ಬಿನ ತೋಟಗಳು ಎದ್ದವು. ಯುರೋಪಿನಲ್ಲಿ ಸಕ್ಕರೆಗೆ ಭಾರಿ ಬೆಲೆಯಿದ್ದ ಕಾಲವದು. ಆ ಸಂಪತ್ತಿನ ಆಸೆಗೆ ಡಚ್ಚರು 1630ರಲ್ಲಿ ದಾಳಿ ಮಾಡಿ, 1654ರವರೆಗೆ ಆಳಿದರು. ಒಲಿಂಡಾದ ಹಳೆಯ ಇಗರ್ಜಿಗಳು, ಬೀದಿಗಳು 1982ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು.

ಈ ವೈಭವದ ಹಿಂದೆ ಇದ್ದದ್ದು ಆಫ್ರಿಕದಿಂದ ಹಿಡಿದು ತಂದ ಗುಲಾಮರ ಬೆವರು. ಬ್ರೆಜಿಲ್‌ನಲ್ಲಿ ಗುಲಾಮಗಿರಿ ರದ್ದಾದದ್ದು 1888ರಲ್ಲಿ. ಬಿಡುಗಡೆ ಸಿಕ್ಕಿತು; ಭೂಮಿ ಸಿಗಲಿಲ್ಲ. ಮಂಡ್ಯದಲ್ಲಿ ಕಬ್ಬು ಬಹುಮಟ್ಟಿಗೆ ಸಣ್ಣ ಹಿಡುವಳಿದಾರರ ಬೆಳೆ. ಅಲ್ಲಿ ಅದು ದೊಡ್ಡ ಜಮೀನ್ದಾರರ ಬೆಳೆಯಾಗಿಯೇ ಉಳಿಯಿತು. ಕಬ್ಬು ಕಡಿಯುವವನು ಕೂಲಿಯಾಗಿಯೇ ಉಳಿದ. ಮೇಲಾಗಿ, ಬ್ರೆಜಿಲ್‌ನಲ್ಲಿ 1985ರವರೆಗೂ ಓದುಬರಹ ಬಾರದವರಿಗೆ ಮತದಾನದ ಹಕ್ಕೇ ಇರಲಿಲ್ಲ. ಅಕ್ಷರವಿಲ್ಲದವನಿಗೆ ತನ್ನ ಕಷ್ಟ ಹೇಳಿಕೊಳ್ಳುವ ದಾರಿಯೂ ಮುಚ್ಚಿತ್ತು.

ಇದನ್ನು ಕಣ್ಣಾರೆ ಕಂಡವರು 1921ರಲ್ಲಿ ರೆಸೀಫೆಯಲ್ಲಿ ಹುಟ್ಟಿದ ಶಿಕ್ಷಣ ಚಿಂತಕ ಪಾಲೊ ಫ್ರೇರೆ. ವಯಸ್ಕರಿಗೆ ಅವರು ‘ಇಟ್ಟಿಗೆ’ಯಂಥ ದಿನಬಳಕೆಯ ಪದಗಳಿಂದಲೇ ಅಕ್ಷರ ಕಲಿಸಿದರು. ಪದದ ಜೊತೆಗೆ ಪ್ರಶ್ನೆಯೂ ಬರುತ್ತಿತ್ತು: ಇಟ್ಟಿಗೆ ಹೊರುವವನಿಗೆ ಮನೆ ಏಕಿಲ್ಲ? 1964ರಲ್ಲಿ ಸೈನ್ಯ ಅಧಿಕಾರ ಹಿಡಿದಾಗ ಅವರು ಸೆರೆಮನೆ ಕಂಡರು, ಬಳಿಕ ದೇಶ ಬಿಟ್ಟರು. ಅವರ ವಿಧಾನ ಮಾತ್ರ ಹಲವು ದೇಶಗಳಿಗೆ ಹಬ್ಬಿತು.

ಪೆರ್ನಾಂಬುಕೊದ ಕಥೆಯಲ್ಲಿ ಸಕ್ಕರೆ ಎಷ್ಟೋ ಅರಮನೆಗಳನ್ನು ಕಟ್ಟಿತು. ಕಬ್ಬು ಕಡಿಯುವವನ ಮಗುವಿಗೆ ದಾರಿ ತೋರಿಸಬಲ್ಲದ್ದು ಮಾತ್ರ ಅಕ್ಷರ. ಗದ್ದೆಯ ಕೆಲಸ ಹೆಚ್ಚಿದ ದಿನ ಮಗುವನ್ನು ಶಾಲೆ ಬಿಡಿಸುವ ಮೊದಲು ಹೆತ್ತವರು ನೆನೆಯಬೇಕಾದ ಮಾತಿದು.