ಸಹನೆ ಯಾರಿಗೆ ಬೋಧಿಸುತ್ತಿದ್ದೇವೆ?

ಕೊರೋನಾ ಎಲ್ಲರಿಗೂ ಬಂತು, ಗಟ್ಟಿಗರು ಎದ್ದು ಕೆಲಸಕ್ಕೆ ಹೋದರು, ಪುಕ್ಕಲರು ಇನ್ನೂ ನರಳುತ್ತಿದ್ದಾರೆ ಎಂಬ ಮಾತು ರಾಮನಗರದ ಚಹಾ ಅಂಗಡಿಯಿಂದ ಜುಮಾ ಪ್ರವಚನದವರೆಗೆ ಇಂದಿಗೂ ಕೇಳಿಬರುತ್ತದೆ. ಇದನ್ನು ನಾವು ಒಪ್ಪುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ 5ರಂದು ತುರ್ತುಸ್ಥಿತಿ ಮುಗಿಯಿತೆಂದು ಸಾರಿತು. ಆದರೆ ಸೋಂಕು ಹೋದ ಮೇಲೂ ತಿಂಗಳುಗಟ್ಟಲೆ ಉಳಿಯುವ ಸುಸ್ತು, ಏದುಸಿರು, ಮರೆವುಗಳನ್ನು ಕಾಯಿಲೆಯೆಂದು 2021ರಲ್ಲೇ ಗುರುತಿಸಿದ್ದೂ ಅದೇ ಸಂಸ್ಥೆ. ಕೆಲವರಿಗೆ ಬೇಗ ವಾಸಿಯಾಗುತ್ತದೆ, ಕೆಲವರಿಗೆ ವರ್ಷಗಳು ಬೇಕು. ದೇಹದೇಹಕ್ಕಿರುವ ಈ ವ್ಯತ್ಯಾಸ ಯಾರ ಕೈಯಲ್ಲೂ ಇಲ್ಲ. ತಾಳಿಕೊಳ್ಳುವ ಅನುಕೂಲದಲ್ಲಿರುವ ವ್ಯತ್ಯಾಸ ಮಾತ್ರ ನಾವೇ ಮಾಡಿಟ್ಟದ್ದು.

ಏದುಸಿರು ಉಳಿದ ಬೆಂಗಳೂರಿನ ಕಂಪ್ಯೂಟರ್ ನೌಕರ ಸಂಬಳದ ರಜೆ ಹಾಕಬಹುದು, ಮನೆಯಿಂದಲೇ ದುಡಿಯಬಹುದು. ರಾಮನಗರದಲ್ಲಿ ರೇಷ್ಮೆ ನೂಲು ಬಿಚ್ಚುವವನು ಬಿಸಿನೀರಿನ ಆವಿ, ಬೆಂದ ಹುಳುವಿನ ವಾಸನೆಯ ನಡುವೆಯೇ ದಿನ ತಳ್ಳಬೇಕು. ಚನ್ನಪಟ್ಟಣದಲ್ಲಿ ಬೊಂಬೆ ಕಡೆಯುವವನ ಮೂಗಿಗೆ ಮರದ ಹುಡಿ. ಕೈ ನಿಂತ ದಿನ ಕೂಲಿಯೂ ನಿಂತಿತು. ಮನೆಯ ಹೆಂಗಸಿಗಂತೂ ರಜೆ ಎಂಬುದೇ ಇಲ್ಲ. ಇವರೆಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಯಾವ ನ್ಯಾಯ?

ಕನಕಪುರ, ಮಾಗಡಿಯ ಕಡೆ ರೇಷ್ಮೆ ಬೆಳೆಯುವ ರೈತರು ಹುಳು ಪೊರೆ ಬಿಡುವ ಹೊತ್ತನ್ನು 'ಜ್ವರ' ಎನ್ನುತ್ತಾರೆ. ಜ್ವರಕ್ಕೆ ಕೂತ ಹುಳುವಿಗೆ ಸೊಪ್ಪು ಹಾಕುವುದಿಲ್ಲ, ಕೈಯಿಕ್ಕುವುದಿಲ್ಲ. ತಾನಾಗಿ ಏಳಲಿ ಎಂದು ಕಾಯುತ್ತಾರೆ. ಹುಳುವಿಗೆ ಸಿಗುವ ಈ ಬಿಡುವು ಅದರ ಗೂಡಿನಿಂದ ನೂಲು ತೆಗೆಯುವ ಮನುಷ್ಯನಿಗೆ ಯಾಕೆ ಸಿಗಬಾರದು?

2020ರಲ್ಲಿ ತಬ್ಲೀಗಿಗಳ ನೆಪದಲ್ಲಿ ಇಡೀ ಸಮುದಾಯಕ್ಕೆ ರೋಗದ ಹಣೆಪಟ್ಟಿ ಕಟ್ಟಿದರು. ಅವರನ್ನು ಬಲಿಪಶು ಮಾಡಲಾಗಿದೆ ಎಂಬರ್ಥದ ಮಾತನ್ನು ಅದೇ ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠವೇ ಆಡಬೇಕಾಯಿತು. ಹಣೆಪಟ್ಟಿಯ ನೋವುಂಡ ನಾವೇ ಇಂದು ನಮ್ಮ ಕೇರಿಯ ರೋಗಿಗೆ ಸೋಮಾರಿಯೆಂಬ ಪಟ್ಟಿ ಕಟ್ಟಬಹುದೇ?

ಸಬ್ರ್ ಎಂದರೆ ಬಾಯಿ ಮುಚ್ಚಿ ನರಳುವುದೆಂದು ಯಾರು ಹೇಳಿದರು? ಕಾಯಿಲೆಗೆ ಚಿಕಿತ್ಸೆ ಪಡೆಯಿರಿ ಎಂದ ಪ್ರವಾದಿಯವರ(ಸ) ಅನುಯಾಯಿಗಳು ನಾವು. ನಾಲ್ಕೂ ಊರುಗಳ ಸರಕಾರಿ ಆಸ್ಪತ್ರೆಗಳಲ್ಲಿ ವಾರಕ್ಕೊಂದು ದಿನ ಇಂಥವರಿಗೆಂದೇ ಮೀಸಲಾಗಲಿ. ಘಟಕದ ಮಾಲೀಕರು ಹಗುರ ಕೆಲಸ ಕೊಡಲಿ. ಅಂದು ರೇಷನ್ ಕಿಟ್ ಹಂಚಿದ ಜಮಾಅತ್‌ಗಳು ಝಕಾತ್‌ನ ಒಂದು ಪಾಲನ್ನು ಬಡ ರೋಗಿಯ ವಿಶ್ರಾಂತಿಯ ದಿನಗಳ ಕೂಲಿಗೆ ಎತ್ತಿಡಲಿ. ಸಹನೆಯ ಪ್ರವಚನ ಆಮೇಲೆ ಮಾಡೋಣ.