ನಿಂಬೆಹಣ್ಣು ಇಡುವ ಮುಂಚೆ ಟೈರು ಬಿಚ್ಚಿ ನೋಡಿ

ಆಯುಧಪೂಜೆ ದಿನ ನಮ್ಮ ವಿದ್ಯಾರಣ್ಯಪುರಂ ಬೀದಿಗಳನ್ನು ನೋಡಬೇಕು. ಕಾರು, ಆಟೊ, ಸ್ಕೂಟರು ಎಲ್ಲವೂ ತೊಳೆಸಿಕೊಂಡು, ಬಾಳೆಕಂದು ಕಟ್ಟಿಸಿಕೊಂಡು ಸಾಲಾಗಿ ನಿಂತಿರುತ್ತವೆ. ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಗಾಡಿ ಹತ್ತಿಸಿದರೆ ವರ್ಷದ ಕೆಲಸ ಮುಗಿಯಿತು. ನಿಮ್ಮೂರಲ್ಲೂ ಹೀಗೇ ಇರುತ್ತದೆ. ಆದರೆ ಆ ಚಕ್ರದ ಒಳಭಾಗವನ್ನು ಯಾವತ್ತಾದರೂ ಕಣ್ಣಾರೆ ನೋಡಿದ್ದೀರಾ?

ನಾನು ನೋಡಿರಲಿಲ್ಲ. ಅದಕ್ಕೇ ಎರಡು ವರ್ಷದ ಹಿಂದೆ ಪಾಠ ಕಲಿತೆ.

ನಾನು ಸ್ಟ್ರಿಂಗರ್. ಸುದ್ದಿ ಬಂದರೆ ದುಡ್ಡು, ಪೆಟ್ರೋಲು ನಮ್ಮದೇ. ಓಡಾಟಕ್ಕೆ ಒಂದು ಸೆಕೆಂಡ್ ಹ್ಯಾಂಡ್ ಕಾರಿದೆ. ಅವತ್ತು ಅವ್ವನನ್ನು ಕರೆದುಕೊಂಡು ಎಚ್.ಡಿ. ಕೋಟೆಯಿಂದ ಬರುತ್ತಿದ್ದೆ. ಸಂಜೆ ಕತ್ತಲಾಗಿತ್ತು. ಹಂಪಾಪುರ ದಾಟಿದ ಮೇಲೆ ಮುಂದಿನ ಎಡಗಡೆ ಟೈರು ಢಂ ಎಂದಿತು. ನಲವತ್ತರ ಸ್ಪೀಡಿನಲ್ಲಿದ್ದೆ, ಉಳಿದೆವು. ಇದೇ ಟೈರು ಬೆಂಗಳೂರು ಎಕ್ಸ್‌ಪ್ರೆಸ್‌ವೇನಲ್ಲಿ ನೂರರ ಸ್ಪೀಡಿನಲ್ಲಿ ಒಡೆದಿದ್ದರೆ ಇದನ್ನು ಬರೆಯಲು ನಾನು ಇರುತ್ತಿದ್ದೆನೋ ಇಲ್ಲವೋ.

ಸ್ಟೆಪ್ನಿ ಹಾಕೋಣ ಎಂದರೆ ನಟ್ಟು ಬಿಚ್ಚಲಿಲ್ಲ. ಅಂಗಡಿಯಲ್ಲಿ ಗಾಳಿ ಮಿಷನ್ನಿನಿಂದ ಬಿಗಿದು ಕಳಿಸಿದ್ದರು. ಪಾನಾ ಮೇಲೆ ಹತ್ತಿ ನಿಂತರೂ ಅಲುಗಲಿಲ್ಲ. ಕೊನೆಗೆ ಟ್ರ್ಯಾಕ್ಟರಿನವರೊಬ್ಬರು ಕಬ್ಬಿಣದ ಪೈಪು ಕೊಟ್ಟರು, ಬಿಚ್ಚಿತು. ಮೊಬೈಲ್ ಟಾರ್ಚ್ ಹಾಕಿ ನೋಡಿದೆ. ಹೊರಗಡೆ ಗ್ರಿಪ್ ಚೆನ್ನಾಗಿಯೇ ಇತ್ತು. ಒಳಗಡೆ ಅಂಚು ಮಾತ್ರ ಬೋಳಾಗಿ, ತಂತಿ ಎದ್ದಿತ್ತು.

ಕಲ್ಲಿನ ಮೇಲೆ ಕೂತಿದ್ದ ಅವ್ವ ಒಂದೇ ಮಾತು ಹೇಳಿದಳು: “ಲಾಳ ನೋಡ್ದೆ ನಿಮ್ಮಪ್ಪ ಯಾವತ್ತೂ ಗಾಡಿ ಕಟ್ಟಿದ್ದಿಲ್ಲ ಕಣಪ್ಪ.”

ಎರಡು ಹೊಸ ಟೈರಿಗೆ 6,800 ರೂಪಾಯಿ ಕೊಟ್ಟೆ. ಆದರೆ ದುಡ್ಡಿಗಿಂತ ಆ ಮಾತು ಚುಚ್ಚಿತು. ಅವತ್ತಿನಿಂದ ವರ್ಷಕ್ಕೆರಡು ಸಲ, ಯುಗಾದಿಗೆ ಮತ್ತು ಆಯುಧಪೂಜೆಗೆ, ನಾನೇ ಮನೆ ಮುಂದೆ ಟೈರುಗಳ ಜಾಗ ಬದಲಿಸುತ್ತೇನೆ. ಸ್ವಂತ ಕಾರು ಓಡಿಸುವ ಪ್ರತಿಯೊಬ್ಬರೂ, ಹೆಂಗಸರೂ ಗಂಡಸರೂ, ಇದನ್ನು ಕಲಿಯಲೇಬೇಕು ಎನ್ನುವುದು ನನ್ನ ವಾದ.

ಯಾಕೆ ಬದಲಿಸಬೇಕು? ಆಲ್ಟೊ, ಸ್ವಿಫ್ಟ್ ತರಹದ ಕಾರುಗಳಲ್ಲಿ ಎಂಜಿನ್ ಭಾರ ಹೊರುವುದು, ಗಾಡಿ ಎಳೆಯುವುದು, ತಿರುಗುವುದು, ಹೆಚ್ಚಿನ ಬ್ರೇಕು ತಡೆಯುವುದು ಎಲ್ಲ ಮುಂದಿನ ಚಕ್ರಗಳೇ. ಹಿಂದಿನವು ಬರೀ ಹಿಂಬಾಲಿಸುತ್ತವೆ. ಹಾಗಾಗಿ ಮುಂದಿನವು ಬೇಗ ಸವೆಯುತ್ತವೆ. ಸುಮಾರು 8,000ದಿಂದ 10,000 ಕಿ.ಮೀ.ಗೊಮ್ಮೆ ಜಾಗ ಬದಲಿಸಿದರೆ ನಾಲ್ಕೂ ಹೆಚ್ಚುಕಡಿಮೆ ಒಂದೇ ಸಮ ಸವೆಯುತ್ತವೆ.

ಒಂದೇ ಜಾಕು ಸಾಕು, ಸ್ಟೆಪ್ನಿ ಜೊತೆಗಿರಲಿ. ಮೊದಲು ಮುಂದಿನ ಎಡ ಚಕ್ರ ಬಿಚ್ಚಿ, ಅಲ್ಲಿಗೆ ಸ್ಟೆಪ್ನಿ ಹಾಕಿ. ಬಿಚ್ಚಿದ್ದನ್ನು ಹಿಂದಿನ ಎಡಕ್ಕೆ ಹಾಕಿ. ಅಲ್ಲಿಂದ ಬಂದದ್ದು ಮುಂದಿನ ಬಲಕ್ಕೆ. ಅಲ್ಲಿಯದು ಹಿಂದಿನ ಬಲಕ್ಕೆ. ಹಿಂದಿನ ಬಲದ್ದು ಮುಂದಿನ ಎಡಕ್ಕೆ ಬರುತ್ತದೆ, ಸ್ಟೆಪ್ನಿ ಡಿಕ್ಕಿಗೆ ವಾಪಸ್. ಐದು ಸಲ ಜಾಕು ಎತ್ತಬೇಕು, ಒಂದು ಗಂಟೆ ಕೆಲಸ.

ಓಮ್ನಿ, ಬೊಲೆರೊ ತರಹ ಹಿಂದಿನ ಚಕ್ರ ಎಳೆಯುವ ಗಾಡಿಯಾದರೆ ಲೆಕ್ಕ ತಿರುಗುಮುರುಗು: ಹಿಂದಿನವು ನೇರ ಮುಂದಕ್ಕೆ, ಮುಂದಿನವು ಅಡ್ಡಡ್ಡ ಹಿಂದಕ್ಕೆ. ಟೈರಿನ ಪಕ್ಕದಲ್ಲಿ ತಿರುಗುವ ದಿಕ್ಕಿನ ಬಾಣದ ಗುರುತಿದ್ದರೆ ಎಡದ್ದು ಎಡಕ್ಕೇ, ಬಲದ್ದು ಬಲಕ್ಕೇ ಇರಬೇಕು. ಹಿಂದು ಮುಂದು ಮಾತ್ರ ಬದಲಿಸಿ.

ಜೀವದ ವಿಷಯ, ಗಮನವಿಟ್ಟು ಓದಿ. ಗಟ್ಟಿಯಾದ ಸಮ ನೆಲ ಬೇಕು. ಹಸಿ ಮಣ್ಣು, ಇಳಿಜಾರು ಬೇಡವೇ ಬೇಡ. ಹ್ಯಾಂಡ್ ಬ್ರೇಕು ಎಳೆದು ಗೇರಿಗೂ ಹಾಕಿ, ಎರಡೂ ಬೇಕು. ಎಳೆಯುವ ಚಕ್ರಗಳಲ್ಲಿ ಒಂದು ಗಾಳಿಯಲ್ಲಿದ್ದರೆ ಗೇರು ಗಾಡಿಯನ್ನು ಹಿಡಿಯುವುದಿಲ್ಲ, ಹ್ಯಾಂಡ್ ಬ್ರೇಕೇ ಆಧಾರ. ಎತ್ತುವ ಚಕ್ರದ ಎದುರು ಮೂಲೆಯ ಚಕ್ರಕ್ಕೆ ಹಿಂದೂ ಮುಂದೂ ಕಲ್ಲು ಕೊಡಿ. ಚಕ್ರ ನೆಲದಲ್ಲಿರುವಾಗಲೇ ನಟ್ಟು ಸ್ವಲ್ಪ ಸಡಿಲಿಸಿ, ಆಮೇಲೆ ಎತ್ತಿ. ಜಾಕು ಕೊಡುವ ಜಾಗ ಗಾಡಿಯ ಪುಸ್ತಕದಲ್ಲಿದೆ. ಜಾಕಿನ ಮೇಲಿರುವ ಕಾರಿನಡಿ ಯಾವ ಕಾರಣಕ್ಕೂ ತಲೆ, ಕಾಲು ಹಾಕಬೇಡಿ. ಮಕ್ಕಳನ್ನು ದೂರ ಇಡಿ. ನಟ್ಟುಗಳನ್ನು ಒಂದರ ಪಕ್ಕ ಒಂದಲ್ಲ, ಎದುರುಬದುರು ಬಿಗಿಯಿರಿ. ಐವತ್ತು ಕಿ.ಮೀ. ಓಡಿಸಿದ ಮೇಲೆ ಇನ್ನೊಮ್ಮೆ ಪಾನಾ ಹಾಕಿ ನೋಡಿ. ಗಾಳಿಯನ್ನು ಹೊಸ ಜಾಗಕ್ಕೆ ತಕ್ಕಂತೆ ಸರಿ ಮಾಡಿಸಿ.

“ಅಂಗಡಿಯವರ ಹೊಟ್ಟೆ ಮೇಲೆ ಯಾಕಪ್ಪ ಹೊಡೀತೀಯ?” ಎಂದು ಗೆಳೆಯರೊಬ್ಬರು ಕೇಳಿದರು. ಹಾಗಲ್ಲ. ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್ ಮನೆಯಲ್ಲಿ ಆಗುವ ಕೆಲಸವಲ್ಲ, ಅದಕ್ಕೆ ಮಿಷನ್ನೇ ಬೇಕು. ಆದರೆ ಯಾವಾಗ ಹೋಗಬೇಕು ಎಂದು ಟೈರೇ ಹೇಳುತ್ತದೆ. ಒಂದೇ ಅಂಚು ಸವೆದಿದ್ದರೆ ಅಲೈನ್‌ಮೆಂಟ್ ತಪ್ಪಿದೆ. ಎರಡೂ ಅಂಚು ಸವೆದರೆ ಗಾಳಿ ಕಡಿಮೆ, ನಡುಭಾಗ ಸವೆದರೆ ಗಾಳಿ ಜಾಸ್ತಿ. ಗ್ರಿಪ್ಪಿನ ಸಂದಿಯಲ್ಲಿರುವ ಸಣ್ಣ ಉಬ್ಬಿನ ಮಟ್ಟಕ್ಕೆ ರಬ್ಬರು ಸವೆಯಿತೆಂದರೆ ಉಳಿದಿರುವುದು 1.6 ಮಿ.ಮೀ. ಮಾತ್ರ. ಕಾನೂನಿನ ಪ್ರಕಾರವೂ ಕಾರಿನ ಟೈರಿಗೆ ಅದೇ ಕೊನೆ. ಪಕ್ಕದಲ್ಲಿ ಉಬ್ಬು, ಸೀಳು ಕಂಡರೆ ಜಾಗ ಬದಲಿಸುವ ಮಾತೇ ಇಲ್ಲ, ಟೈರನ್ನೇ ಬದಲಿಸಿ.

ಜಾಗ ಬದಲಿಸುವುದರಿಂದ ಉಳಿಯುವ ದುಡ್ಡು ದೊಡ್ಡದಲ್ಲ. ಆ ನೆಪದಲ್ಲಿ ನಾಲ್ಕೂ ಚಕ್ರ ಕೈಗೆ ಬರುತ್ತವೆ, ಒಳಭಾಗ ಕಣ್ಣಿಗೆ ಬೀಳುತ್ತದೆ. ಬಿಗಿದು ಕೂತ ನಟ್ಟು ಹಗಲು ಹೊತ್ತು, ಮನೆ ಮುಂದೆ ಗೊತ್ತಾಗುತ್ತದೆ. ಸ್ಟೆಪ್ನಿಯಲ್ಲಿ ಗಾಳಿ ಇದೆಯೋ ಇಲ್ಲವೋ ತಿಳಿಯುತ್ತದೆ. ನಮ್ಮ ಹಳ್ಳಿ ದಾರಿಗಳಲ್ಲಿ ರಾತ್ರಿ ಎಂಟರ ಮೇಲೆ ಪಂಕ್ಚರ್ ಅಂಗಡಿ ಎಲ್ಲಿ ತೆರೆದಿರುತ್ತದೆ ಹೇಳಿ?

ವಿಕ್ರಾಂತ್ ಟೈರು ತಯಾರಾದ ಊರು ನಮ್ಮ ಮೈಸೂರು. ಟೈರು ಮಾಡಿದ ಊರಿನವರೇ ಟೈರು ನೋಡದೆ ಓಡಾಡಿದರೆ ಹೇಗೆ? ಈ ಸಲ ಹಬ್ಬದ ಹಿಂದಿನ ದಿನ ಕಾರು ತೊಳೆಯುವ ಮುಂಚೆ ಜಾಕು ಆಚೆ ತೆಗೆಯಿರಿ. ನಿಂಬೆಹಣ್ಣು ಮಾರನೇ ದಿನಕ್ಕಿರಲಿ.