ಎಕ್ಸ್‌ಟೆನ್ಶನ್ ಬಾಕ್ಸಿನ ಲೆಕ್ಕ (ಭಾಗ 6)

ಎಸ್ಸೆಸ್ಸೆಲ್ಸಿಯಲ್ಲಿ 'ಸಮಾನ ರೋಧ ಕಂಡುಹಿಡಿಯಿರಿ' ಅಂತ ಲೆಕ್ಕ ಮಾಡಿದ್ದು ನೆನಪಿದೆಯಾ? ಸರಣಿ ಜೋಡಣೆ ಆದ್ರೆ ಸುಮ್ನೆ ಕೂಡಿಸೋದು. ಸಮಾಂತರ ಆದ್ರೆ ಒಂದೊಂದನ್ನೂ ತಲೆಕೆಳಗು ಮಾಡಿ ಕೂಡಿಸಿ, ಉತ್ತರವನ್ನ ಮತ್ತೆ ತಲೆಕೆಳಗು ಮಾಡೋದು. ಮಾರ್ಕ್ಸ್ ಬಂತು, ಮುಗೀತು. ನನ್ನ ಪ್ರಕಾರ, ಬಿಕಾಂ ಓದೋ ನಮ್ಮಂಥವರಿಗೂ ಆ ಪಾಠದಿಂದ ಉಳೀಬೇಕಾದ್ದು ಇದೇ ಲೆಕ್ಕ.

👉 ಮನೆ ವೈರಿಂಗ್ ಸಮಾಂತರ. ಇನ್ನೊಂದು ಪ್ಲಗ್ ಹಾಕಿದಾಗೆಲ್ಲ ಒಟ್ಟು ರೋಧ ಕಮ್ಮಿ ಆಗುತ್ತೆ, ಕರೆಂಟ್ ಜಾಸ್ತಿ ಹರಿಯುತ್ತೆ. ವಿಚಿತ್ರ ಅನ್ಸುತ್ತಾ? ಮಾದಪ್ಪನ ಬೆಟ್ಟದ ಜಾತ್ರೆ ನೆನೆಸ್ಕೊಳ್ಳಿ. ಲಾಡು ಕೌಂಟರ್ ಒಂದೇ ಇದ್ರೆ ಜನ ನಿಂತೇ ಇರ್ತಾರೆ. ಪಕ್ಕದಲ್ಲಿ ಇನ್ನೊಂದು ತೆರೆದ್ರೆ ಸಲೀಸಾಗಿ ಸಾಗ್ತಾರೆ. ಆದ್ರೆ ಎಷ್ಟೇ ಕೌಂಟರ್ ತೆರೆದ್ರೂ, ಹನೂರು ಕಡೆಯಿಂದ ಬರೋರೆಲ್ಲ ಅದೇ ತಾಳಬೆಟ್ಟದ ರಸ್ತೇಲೇ ಹತ್ತಬೇಕು. ಬಾಕ್ಸಿನ ವೈರ್ ಅಂದ್ರೆ ಆ ಘಾಟ್ ರಸ್ತೆ.

👉 ಈಗ ಲೆಕ್ಕ. ಮನೆಗೆ ಬರೋದು 230 ವೋಲ್ಟ್. 1000 ವ್ಯಾಟ್ ಇಸ್ತ್ರಿಪೆಟ್ಟಿಯ ರೋಧ 230 × 230 ÷ 1000, ಅಂದ್ರೆ ಸುಮಾರು 53 ಓಮ್. 1500 ವ್ಯಾಟ್‌ನ ನೀರು ಕಾಯಿಸೋ ಕಾಯಿಲ್‌ದು ಸುಮಾರು 35. ಎರಡನ್ನೂ ಒಂದೇ ಬಾಕ್ಸಿಗೆ ಹಾಕಿದ್ರೆ ಸಮಾನ ರೋಧ ಬರೀ 21 ಓಮ್! ಕರೆಂಟ್ 230 ÷ 21, ಹತ್ತಿರ ಹತ್ತಿರ 11 ಆಂಪ್. ಸಾಮಾನ್ಯ ಬಾಕ್ಸ್ ತಡೆಯೋದು 6 ಆಂಪ್. ಕಾಯಿಲ್ ಒಂದೇ ಅದನ್ನ ದಾಟುತ್ತೆ. ವೈರಿನ ಬಿಸಿ ಕರೆಂಟಿನ ವರ್ಗದ ಲೆಕ್ಕದಲ್ಲಿ ಏರುತ್ತೆ, ಹಾಗಾಗಿ ಇಸ್ತ್ರಿಪೆಟ್ಟಿ ಒಂದೇ ಇದ್ದಾಗಿಗಿಂತ ಆರು ಪಟ್ಟು ಬಿಸಿ.

ಪ್ಲಗ್ ಕರಗಿದ್ರೆ 'ಮಾಲು ಸರಿಯಿಲ್ಲ' ಅಂತಾರೆ. ಫ್ಯೂಸ್ ಹೋದ್ರೆ ದಪ್ಪ ತಂತಿ ಕಟ್ತಾರೆ. ಫ್ಯೂಸ್ ಇರೋದೇ ವೈರ್ ಸುಡೋಕೆ ಮುಂಚೆ ತಾನು ಹೋಗ್ಲಿ ಅಂತ ಕಣ್ರೀ!

'ಅದಕ್ಕೆ ಎಲೆಕ್ಟ್ರಿಷಿಯನ್ ಇದ್ದಾರಲ್ಲ' ಅನ್ನಬಹುದು. ಅವರು ವೈರ್ ಎಳೆದು ಹೋಗ್ತಾರೆ. ದಿನಾ ಪ್ಲಗ್ ಹಾಕೋದು ಅಮ್ಮ, ತಂಗಿ, ನೀವು.

ನಮ್ಮ ಕೊಳ್ಳೇಗಾಲದ ಪಕ್ಕದ ಶಿವನಸಮುದ್ರದಿಂದ 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಹೋಯ್ತು. ಇಷ್ಟು ವರ್ಷ ಆದ್ಮೇಲಾದ್ರೂ ರಾಮಾಪುರದ ಮಕ್ಕಳಿಗೆ ಈ ಪಾಠವನ್ನ ಬೋರ್ಡ್ ಮೇಲಿನ ಚಿತ್ರದ ಜೊತೆಗೆ ಒಂದು ಎಕ್ಸ್‌ಟೆನ್ಶನ್ ಬಾಕ್ಸ್ ಕೈಗೆ ಕೊಟ್ಟು ಹೇಳಿಕೊಡಬೇಕು. ಖರ್ಚೇನೂ ಇಲ್ಲ.

📌 ಸೇವ್ ಮಾಡ್ಕೊಳ್ಳಿ: 6 ಆಂಪ್ × 230 = 1380 ವ್ಯಾಟ್. ಒಂದು ಬಾಕ್ಸಿಗೆ ಹಾಕಿರೋದರ ವ್ಯಾಟ್ ಎಲ್ಲ ಕೂಡಿಸಿ. ದಾಟಿದ್ರೆ ಒಂದನ್ನ ಕೀಳಿ.

ನಿಮ್ಮನೆ ಬಾಕ್ಸ್ ಮೇಲೆ ಎಷ್ಟು ಆಂಪ್ ಬರೆದಿದೆ? ನೋಡಿ ಕಾಮೆಂಟಲ್ಲಿ ಹಾಕಿ 👇

#ರಾಮಾಪುರ #ಹನೂರು #ಸಮಾನರೋಧ